ತೆಂಗಿನ ಹಳೆ ಬೊಡ್ಡೆ ಕಿತ್ತು ಹಾಕಿದೆ

ನಮ್ಮ ಮನೆ ಬದಿಯಡ್ಕದ ಹತ್ತಿರ. ಅಂಗಳದ ಮೂಲೆಯಲ್ಲಿ ಕಡಿದ ಎರಡು ತೆಂಗಿನ ಮರಗಳ ಬೊಡ್ಡೆ ನಾಲ್ಕು ವರ್ಷದಿಂದ ಹಾಗೇ ಇತ್ತು. ತಾನಾಗಿ ಮಣ್ಣಾಗುತ್ತದೆ ಅಂತ ಸುಮ್ನೆ ಬಿಟ್ಟಿದ್ದೆ.

ಕಳೆದ ವರ್ಷ ಎಳೆ ತೆಂಗಿನ ಸಸಿಗಳ ಹೊಸ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬಿಚ್ಚಿಕೊಂಡವು. ತೆಂಗಿನ ಸುಳಿ ಕೊರೆದು ತಿನ್ನುವ ಕುರುವಾಯಿ ದುಂಬಿಯ ಕೆಲಸ. ಕೊಕ್ಕೆ ಹಾಕಿ ಎಷ್ಟು ತೆಗೆದರೂ ಮತ್ತೆ ಬರುತ್ತಿತ್ತು. ಆಗ ಪಕ್ಕದ ಮನೆಯವರು, "ಅದು ಮೊಟ್ಟೆ ಇಡುವ ಜಾಗ ನಿಮ್ಮ ಅಂಗಳದಲ್ಲೇ ಉಂಟಲ್ಲ ಮಾರಾಯ್ರೇ!" ಅಂದರು.

ಪಿಕ್ಕಾಸಿನಲ್ಲಿ ಬೊಡ್ಡೆ ಒಡೆದೆ. ಒಳಗೆಲ್ಲ ಕಾಫಿ ಪುಡಿಯಂಥ ಹುಡಿ. ಅದರೊಳಗೆ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳಗಳು, ಕಂದು ತಲೆ, ಬಾಗಿ ಮಲಗಿದ್ದವು. ಒಂದೇ ಬೊಡ್ಡೆಯಲ್ಲಿ 37! ಕೋಳಿಗಳು ಒಂದನ್ನೂ ಬಿಡಲಿಲ್ಲ.

ತೆಂಗಿಗೆ ತಾಯಿಬೇರು ಇಲ್ಲ ಅಲ್ವಾ, ಹಾಗಾಗಿ ಜೆಸಿಬಿ ಬೇಕಾಗಲಿಲ್ಲ. ಸುತ್ತ ಅಗೆದು ಬೇರು ಕಡಿದರೆ ಸಾಕಾಯಿತು. ಹೊಂಡಕ್ಕೆ ಮಣ್ಣು ತುಂಬಿಸಿದೆ. ಗೊಬ್ಬರ ಗುಂಡಿಯನ್ನೂ ಮಗುಚಿ ಹುಳ ಹೆಕ್ಕಿದೆ, ಅದೂ ಇವುಗಳಿಗೆ ಇಷ್ಟದ ಜಾಗ. ಸಸಿಗಳ ಸುಳಿಯ ಸುತ್ತ ಗರಿಗಳ ಸಂದಿಗೆ ಬೇವಿನ ಹಿಂಡಿ, ಮರಳು ಸಮನಾಗಿ ಬೆರೆಸಿ ಹಾಕಿದೆ.

ಈ ಮಳೆಗಾಲದಲ್ಲಿ ಬಂದ ಮೂರು ಗರಿಗಳೂ ಪೂರ್ತಿಯಾಗಿವೆ.