ಮುಕ್ಕಾಲು ಅಟ್ಟೆ ಮಲ್ಲಿಗೆ

ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸಿನ ಶಾಲೆಯೊಂದರಲ್ಲಿ ನಾನು ಆರನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿ ಪಾಠ ಬಂತೆಂದರೆ ಪ್ರತಿ ವರ್ಷ ಅದೇ ತಪ್ಪು. ಬೋರ್ಡಿನಲ್ಲಿ 1/2 + 1/4 ಬರೆದರೆ ಅರ್ಧ ಕ್ಲಾಸು 2/6 ಅಂತ ಉತ್ತರ ಬರೆಯುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಮುಗಿಯಿತು. ರೊಟ್ಟಿಯ ಚಿತ್ರ ಬಿಡಿಸಿದೆ, ಬಣ್ಣದ ಕಾಗದ ಕತ್ತರಿಸಿದೆ. ಆ ದಿನ ಎಲ್ಲರೂ ತಲೆಯಾಡಿಸುತ್ತಿದ್ದರು. ಪರೀಕ್ಷೆಯಲ್ಲಿ ಮತ್ತೆ 2/6.

ಒಂದು ಬೆಳಿಗ್ಗೆ ಹುಡುಗನೊಬ್ಬ ತಡವಾಗಿ ಬಂದ. ಯಾಕೆಂದು ಕೇಳಿದೆ.

"ಹೂ ಕೊಯ್ಲಿಕ್ಕೆ ಇತ್ತು ಟೀಚರ್. ಇವತ್ತು ಒಂದೂಮುಕ್ಕಾಲು ಅಟ್ಟೆ ಆಯ್ತು."

"ಹಾಗಾದ್ರೆ ಎಷ್ಟು ಚೆಂಡು?"

"ಏಳು."

ಬೆರಳು ಮಡಚಲಿಲ್ಲ, ಯೋಚಿಸಲೂ ಇಲ್ಲ. ಹಿಂದಿನ ದಿನವಷ್ಟೇ ಅವನ ಪುಸ್ತಕದಲ್ಲಿದ್ದ 2/6ಕ್ಕೆ ನಾನು ಕೆಂಪು ಗೀಟು ಎಳೆದಿದ್ದೆ.

ಹೊರಗಿನವರಿಗೆ ಹೇಳಬೇಕು: ನಮ್ಮ ಉಡುಪಿ ಮಲ್ಲಿಗೆಯನ್ನು ತೂಗಿ ಮಾರುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಹೂ ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ಶಂಕರಪುರದಲ್ಲಿ ದಿನಾ ನಿಗದಿಯಾಗುತ್ತದೆ. ಗಿಡ ಇರುವ ಮನೆಯ ಮಕ್ಕಳಿಗೆ ಇದೆಲ್ಲ ಬಾಯಿಪಾಠ.

ಮರುದಿನ ಪಾಠಪುಸ್ತಕ ಪಕ್ಕಕ್ಕಿಟ್ಟೆ. ನಿಜವಾದ ಹೂ ತರಲು ಹೇಳಲಿಲ್ಲ, ಅದು ಮನೆಯ ದುಡ್ಡು. ಖಾಲಿ ಬಾಳೆನಾರು ತರಿಸಿದೆ. ಒಂದೊಂದು ನಾರಿಗೆ ಎಂಟು ಗಂಟು, ಒಂದು ಗಂಟು ಅಂದರೆ ನೂರು ಹೂ. ಎಂಟು ಗಂಟಿನ ನಾರು ಒಂದು ಚೆಂಡು. ಅಂಥ ನಾಲ್ಕು ನಾರು ಪ್ರತಿ ಗುಂಪಿಗೆ. ನಾರು ಒಣಗಿದ್ದರೆ ಗಂಟು ಹಾಕುವಾಗ ತುಂಡಾಗುತ್ತದೆ, ಸ್ವಲ್ಪ ನೀರಲ್ಲಿ ನೆನೆಸಿಡಬೇಕು.

"ಅರ್ಧ ಅಟ್ಟೆ ತೆಗೀರಿ. ಅದಕ್ಕೆ ಕಾಲು ಅಟ್ಟೆ ಸೇರಿಸಿ." ಎರಡು ನಾರಿನ ಪಕ್ಕ ಇನ್ನೊಂದು ನಾರು ಬಂತು. ಮುಕ್ಕಾಲು ಅಟ್ಟೆ. ಆಗ ಬೋರ್ಡಿನಲ್ಲಿ 2/6 ಬರೆದು, ಇದು ಅರ್ಧಕ್ಕಿಂತ ಜಾಸ್ತಿಯಾ ಕಮ್ಮಿಯಾ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಸ್ವಲ್ಪ ಹೊತ್ತು ನೋಡಿ, "ಆರರ ಅರ್ಧ ಮೂರು ಅಲ್ವಾ ಟೀಚರ್? ಹೂ ಸೇರಿಸಿದ ಮೇಲೆ ಕಮ್ಮಿ ಆಗ್ಲಿಕ್ಕೆ ಹೇಗೆ ಸಾಧ್ಯ?" ಅಂದಳು. ಇಷ್ಟು ವರ್ಷ ನಾನು ಹೇಳಿಕೊಡಲು ಒದ್ದಾಡಿದ್ದು ಅದನ್ನೇ. ಆ ಪ್ರಶ್ನೆ ಮಕ್ಕಳ ಬಾಯಿಂದ ಬರುವವರೆಗೆ ಛೇದ ಸಮ ಮಾಡುವ ವಿಧಾನ ಹೇಳಿ ಪ್ರಯೋಜನವಿಲ್ಲ ಅಂತ ನನಗೆ ಈಗ ಖಾತ್ರಿ.

ನಮ್ಮ ಭಾಷೆಯೂ ಇಲ್ಲಿ ತುಂಬ ಸಹಾಯ ಮಾಡುತ್ತದೆ. ಮುಕ್ಕಾಲು ಅಂದರೆ ಮೂರು ಕಾಲು. ಒಂದೂವರೆ ಅಂದರೆ ಒಂದು ಮತ್ತು ಅರೆ. ಕೂಡಿಸುವ ಲೆಕ್ಕ ಪದದಲ್ಲೇ ಕೂತಿದೆ. ನಾನು ಈಗ ಅಂಕಿಗಿಂತ ಮೊದಲು ಈ ಪದಗಳನ್ನು ಬೋರ್ಡಿನಲ್ಲಿ ಬಿಡಿಸಿ ಬರೆಯುತ್ತೇನೆ.

ಆದರೆ ಅಟ್ಟೆಯಲ್ಲಿ ಎಲ್ಲವೂ ಆಗುವುದಿಲ್ಲ. ಮೂರನೇ ಒಂದು ಭಾಗ ಬಂದಾಗ ಸಿಕ್ಕಿಬಿದ್ದೆ. 3200 ಹೂವನ್ನು ಮೂವರಿಗೆ ಸಮ ಹಂಚಿದರೆ ಎರಡು ಹೂ ಉಳಿಯುತ್ತದೆ. ಅದಕ್ಕೆ ತೆಂಗಿನ ಗರಿ ಹಿಡಿದೆವು. ಹಸಿ ಗರಿಯನ್ನು ಸರಿಯಾಗಿ 24 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸುವುದು. 24 ಯಾಕೆಂದರೆ ಅದು 2, 3, 4, 6, 8, 12 ಎಲ್ಲದರಿಂದಲೂ ಭಾಗವಾಗುತ್ತದೆ. 1/2ಕ್ಕೆ 12, 1/3ಕ್ಕೆ 8, ಸೇರಿಸಿದರೆ 20. ನಾಲ್ಕು ನಾಲ್ಕು ಸೆಂಟಿಮೀಟರಿಗೆ ಮಡಚಿದರೆ ಇಡೀ ಗರಿಯಲ್ಲಿ ಆರು ಮಡಿಕೆ, ಅದರಲ್ಲಿ ಐದು. 5/6 ಕೈಯಲ್ಲೇ ಸಿಗುತ್ತದೆ. ಗರಿ ಆವತ್ತಿಗೆ ಮಾತ್ರ, ಮರುದಿನ ಸುರುಟಿಕೊಳ್ಳುತ್ತದೆ. ಹಳೇ ಪೇಪರಿನ ಪಟ್ಟಿಯೂ ಆಗುತ್ತದೆ.

ಭಿನ್ನರಾಶಿ ಮುಗಿಯುವ ಹೊತ್ತಿಗೆ ಅದೇ ಹುಡುಗಿ ಇನ್ನೊಂದು ಪ್ರಶ್ನೆ ತಂದಳು. "ಅಟ್ಟೆಗೆ 640 ರೂಪಾಯಿ ಆದ್ರೆ ಒಂದು ಹೂವಿಗೆ ಎಷ್ಟು ಟೀಚರ್?" ಎಲ್ಲರೂ ಭಾಗಿಸಲು ಕೂತರು. 640ರಲ್ಲಿ 3200 ಹೋಗುವುದಿಲ್ಲ ಅಂತ ಕೆಲವರು ಪೆನ್ಸಿಲ್ ಕೆಳಗಿಟ್ಟರು. ತಡವಾಗಿ ಬರುವ ನಮ್ಮ ಹುಡುಗ ರೂಪಾಯಿಯನ್ನು ಪೈಸೆ ಮಾಡಿಕೊಂಡು 20 ಪೈಸೆ ಅಂದ. ನಾನು ಬೋರ್ಡಿನಲ್ಲಿ 0.20 ಅಂತ ಬರೆದೆ. ದಶಮಾಂಶದ ಪಾಠಕ್ಕೆ ಇನ್ನೂ ಒಂದು ವಾರ ಇತ್ತು, ಆವತ್ತೇ ಶುರು ಮಾಡಿಬಿಟ್ಟೆ.