ಒಂದೇ ಗುಂಪು, ಎರಡು ಎಣಿಕೆ: ಕಾಂಬಿನೇಟೋರಿಯಲ್ ಪ್ರೂಫ್ ಬರೆಯೋದು ಹೇಗೆ

ಪ್ರಶ್ನೆಪತ್ರಿಕೇಲಿ "ಕಾಂಬಿನೇಟೋರಿಯಲ್ ಪ್ರೂಫ್ ಕೊಡಿ" ಅಂತ ಸ್ಪಷ್ಟವಾಗಿ ಇರತ್ತೆ. ಆದ್ರೂ ನಮ್ಮ ಹುಡುಗ್ರು ಮಾಡೋ ಮೊದಲ ಕೆಲಸ ಎನ್‌ಸಿಆರ್ (ಎನ್ ಜನರಲ್ಲಿ ಆರ್ ಜನರನ್ನ ಎಷ್ಟು ರೀತೀಲಿ ಆರಿಸಬಹುದು ಅನ್ನೋದು) ಫಾರ್ಮುಲಾ ಬಿಡಿಸಿ ಫ್ಯಾಕ್ಟೋರಿಯಲ್ ಮೇಲೆ ಫ್ಯಾಕ್ಟೋರಿಯಲ್ ಗುಡ್ಡೆ ಹಾಕೋದು. ಎರಡು ಪುಟ ಆಗೋಷ್ಟ್ರಲ್ಲಿ ಎಲ್ಲೋ ಒಂದು ಮೈನಸ್ ಕಳ್ದುಹೋಗಿರತ್ತೆ, ಕೊನೇ ಸಾಲು ಮಾತ್ರ ಸರಿಯಾಗೇ ಇರತ್ತೆ, ಇರದೇ ಏನು, ಏನು ಬರಬೇಕು ಅಂತ ಪ್ರಶ್ನೇಲೇ ಕೊಟ್ಟಿದಾರಲ್ಲ! ಶಿವಮೊಗ್ಗದಲ್ಲಿ ಟ್ಯೂಷನ್ ಹೇಳ್ತಾ ಬಿಎಸ್ಸಿಯವ್ರದ್ದು, ಬಿಸಿಎಯವ್ರದ್ದು, ಇಂಜಿನಿಯರಿಂಗ್‌ನವ್ರದ್ದು ಇಂಥ ಪೇಪರ್ ನೋಡಿ ನೋಡಿ ಸಾಕಾಗಿದೆ ಮಾರಾಯ್ರೆ, ಅದಕ್ಕೇ ಇದನ್ನ ಬರೀತಾ ಇದೀನಿ.

ಕಾಂಬಿನೇಟೋರಿಯಲ್ ಪ್ರೂಫ್ ಅಂದ್ರೆ ಎಣಿಸಿ ಸಾಬೀತು ಮಾಡೋದು, ಐಡಿಯಾ ಇರೋದು ಇಷ್ಟೇ. ಒಂದು ಗುಂಪಲ್ಲಿ ಎಷ್ಟು ವಸ್ತು ಇದೆ ಅಂತ ಒಂದು ದಾರೀಲಿ ಎಣಿಸಿ, ಅದೇ ಗುಂಪನ್ನ ಇನ್ನೊಂದು ದಾರೀಲಿ ಎಣಿಸಿ, ಎರಡು ಉತ್ತರಾನೂ ಒಂದೇ ಆಗ್ಲೇಬೇಕು. ಅಲ್ಲಿಗೆ ಸಮೀಕರಣ ಸಾಬೀತಾಯ್ತು. ಫ್ಯಾಕ್ಟೋರಿಯಲ್ ಬರೆಯೋ ಅಗತ್ಯಾನೇ ಇಲ್ಲ. ಅಂದಹಾಗೆ ಎನ್‌ಸಿಆರ್ ಲೆಕ್ಕ ಎಲ್ಲೋ ಹೊರದೇಶದಿಂದ ಬಂದಿದ್ದು ಅಂತ ಅಂದ್ಕೋಬೇಡಿ, ಅದರ ಸಾಮಾನ್ಯ ಸೂತ್ರಾನ ಸುಮಾರು 850ರ ಹೊತ್ತಿಗೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದಾರೆ.

ಹೆಜ್ಜೆ 1: ಸಣ್ಣ ಸಂಖ್ಯೆ ಹಾಕಿ ನೋಡಿ

ಎನ್ ಜಾಗದಲ್ಲಿ 3 ಹಾಕಿ, ಎರಡೂ ಕಡೆ ಕೈಯಲ್ಲೇ ಲೆಕ್ಕ ಮಾಡಿ, ಸರಿ ಬಂತಾ ನೋಡಿ. ಎರಡು ನಿಮಿಷದ ಕೆಲಸ. ಪ್ರಶ್ನೇಲೇ ಪ್ರಿಂಟ್ ಮಿಸ್ಟೇಕ್ ಇದ್ರೆ ಇಲ್ಲೇ ಸಿಕ್ಕಿಬೀಳತ್ತೆ.

ಹೆಜ್ಜೆ 2: ಏನನ್ನ ಎಣಿಸ್ತೀರಿ ಅಂತ ಒಂದು ಪೂರ್ತಿ ವಾಕ್ಯ ಬರೀರಿ

ಈ ವಾಕ್ಯ ಇಲ್ದೇ ಇರೋ ಪ್ರೂಫ್‌ನ ನಾನಂತೂ ಮುಂದಕ್ಕೆ ಓದೋದೇ ಇಲ್ಲ. ಒಂದು ಉದಾಹರಣೆ ತಗೊಳ್ಳೋಣ. 1×10ಸಿ1 + 2×10ಸಿ2 + 3×10ಸಿ3, ಹೀಗೇ 10×10ಸಿ10ರ ತನಕ ಕೂಡಿದ್ರೆ 10×2⁹ ಬರತ್ತೆ ಅಂತ ತೋರಿಸ್ಬೇಕು. ಎಡಗಡೆ ಏನ್ ಕಾಣತ್ತೆ? 10ಸಿ3 ಅಂದ್ರೆ ಹತ್ತು ಜನರಲ್ಲಿ ಮೂರು ಜನರನ್ನ ಆರಿಸೋದು. ಅದನ್ನ 3ರಿಂದ ಗುಣಿಸಿದಾರೆ, ಅಂದ್ರೆ ಆರಿಸಿದ ಮೂವರಲ್ಲೇ ಒಬ್ಬರಿಗೆ ಏನೋ ವಿಶೇಷ ಸ್ಥಾನ ಕೊಟ್ಟಿದಾರೆ. ಮಧ್ಯೆ ಪ್ಲಸ್ ಇದೆ, ಅಂದ್ರೆ ಎಷ್ಟು ಜನ ಅನ್ನೋದು ಫಿಕ್ಸ್ ಇಲ್ಲ, ಒಂದೊಂದು ಸೈಜಿಗೆ ಒಂದೊಂದು ಕೇಸು. ಈಗ ವಾಕ್ಯ ತಾನಾಗೇ ಬರತ್ತೆ: ಬೀದಿಯ ಹತ್ತು ಜನ ಹುಡುಗ್ರಲ್ಲಿ ಎಷ್ಟು ಜನರದ್ದಾದ್ರೂ ಸರಿ, ಒಂದು ಗಣಪತಿ ಸಮಿತಿ ಮಾಡಿ ಅದರೊಳಗೇ ಒಬ್ಬನನ್ನ ಅಧ್ಯಕ್ಷ ಮಾಡೋದು ಎಷ್ಟು ರೀತೀಲಿ ಸಾಧ್ಯ?

ಗುಣಾಕಾರ ಕಂಡ್ರೆ "ಆಮೇಲೆ", ಕೂಡೋದು ಕಂಡ್ರೆ "ಅಥವಾ", 2ರ ಘಾತ ಕಂಡ್ರೆ ಪ್ರತಿಯೊಬ್ಬನಿಗೂ "ಒಳಗಾ ಹೊರಗಾ" ಅನ್ನೋ ಪ್ರಶ್ನೆ, ಹಿಂಗೆ ಓದ್ಕೊಳ್ಳೋದು ಅಭ್ಯಾಸ ಮಾಡಿ. ಸಂಖ್ಯೆಗೆ ವರ್ಗ ಹಾಕಿದ್ರೆ, ಅಂದ್ರೆ 3×3×10ಸಿ3 ಥರ ಇದ್ರೆ, ಎರಡು ಹುದ್ದೆ ಇದೆ, ಅಧ್ಯಕ್ಷ ಮತ್ತು ಖಜಾಂಚಿ, ಎರಡೂ ಒಬ್ಬನೇ ಇಟ್ಕೊಂಡ್ರೂ ಪರವಾಗಿಲ್ಲ ಅಂತ ಅರ್ಥ. ಒಬ್ಬನೇ ಇಟ್ಕೊಳ್ಳೋ ಹಾಗಿಲ್ಲ ಅಂದ್ರೆ ಅದು 3×2 ಆಗತ್ತೆ.

ಹೆಜ್ಜೆ 3: ಸುಲಭದ ಕಡೆ ಮೊದಲು

ಎಡಗಡೆ ಈಗಾಗ್ಲೇ ಹೇಳಿ ಆಯ್ತು. ಬಲಗಡೆಗೆ ಅಧ್ಯಕ್ಷನನ್ನೇ ಮೊದಲು ಆರಿಸಿ, 10 ದಾರಿ. ಉಳಿದ ಒಂಬತ್ತು ಜನ ಒಬ್ಬೊಬ್ರೂ ಒಳಗೋ ಹೊರಗೋ, 2⁹ ಅಂದ್ರೆ 512. ಒಟ್ಟು 5120. ಮುಗೀತು.

ಹೆಜ್ಜೆ 4: ಪ್ರತಿಯೊಂದೂ ಒಂದೇ ಸಲ ಎಣಿಕೆಗೆ ಬಂತಾ?

ಹಾಳಾಗೋದು ಇಲ್ಲೇ. ನೂರಕ್ಕೆ ನೂರು ಜನ ಮೇಲಿನ ಮೂರು ಹೆಜ್ಜೆ ಒಂದೊಂದು ರೀತೀಲಿ ದಾಟಿಬಿಡ್ತಾರೆ, ಇಲ್ಲಿಗೆ ಬಂದಾಗ "ಇದೆಂಥದು, ಇದು ಗೊತ್ತಿರೋದೇ ಅಲ್ವಾ" ಅಂತ ಹಾರಿಬಿಡ್ತಾರೆ. ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೋಗೋಣ, ಪೆನ್ನು ಪೇಪರ್ ತಗೊಳ್ಳಿ.

ಅಡಿಕೆ ಬೆಳೆಗಾರರ ಒಂದು ಸೊಸೈಟಿ ಅಂತ ಇಟ್ಕೊಳ್ಳಿ, ಆರು ಗಂಡಸರು, ನಾಲ್ಕು ಹೆಂಗಸರು. ಐದು ಜನರ ಕಮಿಟಿ ಆಗ್ಬೇಕು, ಕನಿಷ್ಠ ಇಬ್ಬರು ಹೆಂಗಸರು ಇರ್ಬೇಕು. ಎಷ್ಟು ಕಮಿಟಿ ಸಾಧ್ಯ? ತರಗತೀಲಿ ಕೇಳಿದ ತಕ್ಷಣ ಹಿಂದಿನ ಬೆಂಚಿಂದ ಉತ್ತರ ಬರತ್ತೆ: "ಸಾರ್, ಮೊದ್ಲು ಇಬ್ರು ಹೆಂಗಸರನ್ನ ಆರಿಸಿಬಿಡೋಣ, 4ಸಿ2, ಅಂದ್ರೆ 6. ಕಂಡೀಷನ್ ಮುಗೀತು. ಉಳಿದ ಎಂಟು ಜನರಲ್ಲಿ ಯಾರಾದ್ರೂ ಮೂರು ಜನ, 8ಸಿ3, 56. ಒಟ್ಟು 336." ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಆದ್ರೆ ಯಾವ ಕಂಡೀಷನ್ನೂ ಇಲ್ದೇ ಹತ್ತು ಜನರಲ್ಲಿ ಐದು ಜನರ ಕಮಿಟಿ ಮಾಡಿದ್ರೆ ಆಗೋದೇ 10ಸಿ5, ಅಂದ್ರೆ 252. ಕಂಡೀಷನ್ ಹಾಕಿದ್ಮೇಲೆ ಕಮಿಟಿ ಜಾಸ್ತಿ ಆಗೋಕೆ ಹೇಗೆ ಸಾಧ್ಯ?

ಎಲ್ಲಿ ಎಡವಿದ್ದು ಅಂತ ಹತ್ತಿರದಿಂದ ನೋಡೋಣ. ಕಮಿಟೀಲಿ ಲಲಿತಕ್ಕ, ಸರೋಜಕ್ಕ, ಶಾರದಕ್ಕ, ಜೊತೆಗೆ ಇಬ್ಬರು ಗಂಡಸರು ಇದಾರೆ ಅಂದ್ಕೊಳ್ಳಿ. ಈ ಒಂದೇ ಕಮಿಟಿ, ಲಲಿತಕ್ಕ ಸರೋಜಕ್ಕನ್ನ ಮೊದ್ಲು ಆರಿಸಿ ಶಾರದಕ್ಕನ್ನ "ಉಳಿದ ಮೂವರಲ್ಲಿ" ತಂದಾಗ ಒಂದು ಸಲ ಬರತ್ತೆ, ಲಲಿತಕ್ಕ ಶಾರದಕ್ಕನ್ನ ಮೊದ್ಲು ಆರಿಸಿದಾಗ ಇನ್ನೊಂದು ಸಲ, ಸರೋಜಕ್ಕ ಶಾರದಕ್ಕನ್ನ ಮೊದ್ಲು ಆರಿಸಿದಾಗ ಮತ್ತೊಂದು ಸಲ. ಮೂರು ಸಲ ಎಣಿಸಿ ಆಯ್ತು! ನಾಲ್ಕೂ ಹೆಂಗಸರು ಇರೋ ಕಮಿಟಿ ಆರು ಸಲ ಬರತ್ತೆ. ಬೇಕಾದ್ರೆ ಲೆಕ್ಕ ಮಾಡಿ. ಸರಿಯಾಗಿ ಇಬ್ಬರು ಹೆಂಗಸರಿರೋ ಕಮಿಟಿ 120, ಮೂವರಿರೋದು 60, ನಾಲ್ವರಿರೋದು 6. ಸರಿ ಉತ್ತರ 186. ಅದೇ 120ನ ಒಂದು ಸಲ, 60ನ ಮೂರು ಸಲ, 6ನ ಆರು ಸಲ ಎಣಿಸಿ: 120 + 180 + 36, ಬಂತಲ್ಲ 336.

ಈಗ ಅಧ್ಯಕ್ಷನ ಲೆಕ್ಕದ ಜೊತೆ ಇಟ್ಟು ನೋಡಿ. ಅಲ್ಲೂ ಒಬ್ಬನನ್ನ ಮೊದ್ಲು ಆರಿಸಿದ್ವಿ, ಉಳಿದವರನ್ನ ಆಮೇಲೆ ತಂದ್ವಿ, ಆದ್ರೂ ತಪ್ಪಾಗ್ಲಿಲ್ಲ. ಯಾಕೆ? ಯಾಕಂದ್ರೆ ಮೊದ್ಲು ಆರಿಸಿದವನ ಮೇಲೆ ಗುರ್ತು ಉಳೀತು, ಅವನೇ ಅಧ್ಯಕ್ಷ. ಕೆಲಸ ಎಲ್ಲಾ ಮುಗಿದ್ಮೇಲೆ ಯಾರೋ ಬಂದು ಸಮಿತೀನ ನೋಡಿದ್ರೂ "ಓ, ಇವನನ್ನ ಮೊದ್ಲು ಆರಿಸಿದ್ದು" ಅಂತ ಹೇಳಬಹುದು. ಸೊಸೈಟಿ ಲೆಕ್ಕದಲ್ಲಿ ಮೊದ್ಲು ಆರಿಸಿದ ಇಬ್ಬರು ಹೆಂಗಸರ ಮೇಲೆ ಯಾವ ಗುರ್ತೂ ಇಲ್ಲ, ಕಮಿಟೀಲಿ ಎಲ್ಲಾ ಒಂದೇ ಥರ ಕೂತಿದಾರೆ, ಯಾರು ಮೊದ್ಲು ಬಂದ್ರು ಯಾರು ಆಮೇಲೆ ಬಂದ್ರು ಅಂತ ಹೇಳೋಕೆ ಆಗಲ್ಲ. ಆಯ್ಕೆ ಮಾಡಿದ್ರೂ ಗುರ್ತು ಉಳೀಲಿಲ್ಲ ಅಂದ್ರೆ ಅಲ್ಲಿ ಎರಡೆರಡು ಸಲ ಎಣಿಕೆ ನಡೆದಿದೆ ಅಂತಾನೇ ಲೆಕ್ಕ. ಇದಕ್ಕೆ ನಾನು ವಾಪಸ್ ಟೆಸ್ಟ್ ಅಂತೀನಿ: ಸಿದ್ಧವಾದ ವಸ್ತುವನ್ನ ಎದುರಿಗೆ ಇಟ್ಕೊಂಡು, ಅದನ್ನ ಮಾಡೋಕೆ ತಗೊಂಡ ಒಂದೊಂದು ಆಯ್ಕೇನೂ ಹಿಂದಕ್ಕೆ ಓದೋಕೆ ಆಗತ್ತಾ? ಒಂದೇ ಉತ್ತರ ಸಿಕ್ಕಿದ್ರೆ ಪಾಸು, ಎರಡು ಸಿಕ್ಕಿದ್ರೆ ಫೇಲು.

ಇನ್ನೊಂದು ಮಜಾ ಇದೆ. ಆ 336 ಪೂರ್ತಿ ವೇಸ್ಟ್ ಅಲ್ಲ. ಕಮಿಟೀಲಿ ಇಬ್ಬರು ಹೆಂಗಸರು ಜಂಟಿ ಕಾರ್ಯದರ್ಶಿ ಆಗ್ಬೇಕು ಅಂತ ನಿಯಮ ಹಾಕಿ, ಈಗ 336 ಸರಿಯಾದ ಉತ್ತರ! ಗುರ್ತು ಬಂತಲ್ಲ. ಅಂದ್ರೆ ಆ ಹುಡುಗ ಮಾಡಿದ ಲೆಕ್ಕ ಸರೀನೇ, ಅದು ಬೇರೆ ಪ್ರಶ್ನೆಗೆ ಉತ್ತರ. ಎರಡನೇ ಹೆಜ್ಜೆಯ ವಾಕ್ಯ ಬರೀದೇ ಇದ್ರೆ ಯಾವ ಪ್ರಶ್ನೆಗೆ ಉತ್ತರ ಬರೀತಾ ಇದೀರಿ ಅಂತ ನಿಮಗೇ ಗೊತ್ತಾಗಲ್ಲ.

ಬೇಕಂತಲೇ ಎರಡು ಸಲ ಎಣಿಸೋದೂ ಇದೆ, ಆದ್ರೆ ಎಷ್ಟು ಸಲ ಅಂತ ಗೊತ್ತಿರ್ಬೇಕು. 1736ರಲ್ಲಿ ಗಣಿತಜ್ಞ ಆಯ್ಲರ್ ಕೊನಿಗ್ಸ್‌ಬರ್ಗ್ ಊರಿನ ಸೇತುವೆಗಳ ಲೆಕ್ಕದಲ್ಲಿ (ಎಲ್ಲಾ ಸೇತುವೆನೂ ಒಂದೊಂದೇ ಸಲ ದಾಟೋಕೆ ಆಗತ್ತಾ ಅನ್ನೋದು) ಮಾಡಿದ್ದು ಇದನ್ನೇ. ಒಂದು ಮದುವೆ ಮನೇಲಿ ಪ್ರತಿಯೊಬ್ಬರೂ ಎಷ್ಟು ಸಲ ಕೈ ಕುಲುಕಿದ್ರು ಅಂತ ಕೇಳಿ ಕೂಡಿದ್ರೆ ಸಮಸಂಖ್ಯೆನೇ ಬರತ್ತೆ, ಒಂದೊಂದು ಕೈಕುಲುಕೂ ಎರಡು ಕಡೆಯಿಂದ ಎಣಿಕೆಗೆ ಬಂದಿರತ್ತೆ. ಹಾಗಾಗಿ ಬೆಸಸಂಖ್ಯೆ ಸಲ ಕೈ ಕುಲುಕಿದವರು ಯಾವಾಗ್ಲೂ ಸಮಸಂಖ್ಯೇಲೇ ಇರ್ತಾರೆ. ನಮ್ಮ ಮಲೆನಾಡಿನ ಮದುವೇಲಿ ಕೈ ಕುಲುಕೋದಕ್ಕಿಂತ ನಮಸ್ಕಾರಾನೇ ಜಾಸ್ತಿ, ಅಲ್ಲಿ ಈ ಪ್ರೂಫ್ ನಡೆಯಲ್ಲ, ಯಾಕಂದ್ರೆ ಒಬ್ರು ಕೈ ಮುಗಿದಿದ್ದನ್ನ ಎದುರಿನವ್ರು ನೋಡದೇನೇ ಊಟದ ಪಂಕ್ತಿ ಕಡೆ ಹೋಗಿರಬಹುದು. ನೆಗಾಡಬೇಡಿ, ಗ್ರಾಫ್‌ನಲ್ಲಿ (ಚುಕ್ಕಿಗಳನ್ನ ಗೆರೆಯಿಂದ ಜೋಡಿಸಿದ ಚಿತ್ರ, ಇಲ್ಲಿ ಜನ ಚುಕ್ಕಿ, ಕೈಕುಲುಕು ಗೆರೆ, ಒಂದೇ ಕಡೆಯ ನಮಸ್ಕಾರ ಬಾಣ) ಬಾಣ ಇದ್ಯಾ ಇಲ್ವಾ ಅಂತ ನೋಡದೇ ಥಿಯರಮ್ ಹಾಕಿ ಮಾರ್ಕ್ಸ್ ಕಳ್ಕೊಂಡವ್ರು ಬೇಕಾದಷ್ಟು ಜನ ಇದಾರೆ.

ಹೆಜ್ಜೆ 5: ಎರಡು ಗುಂಪು ಬೇರೆ ಬೇರೆ ಇದ್ರೆ ಜೋಡಿ ಮಾಡಿ

ಹತ್ತು ಜನರಲ್ಲಿ ಸಮಸಂಖ್ಯೆ ಜನರ ಗುಂಪು ಎಷ್ಟೋ ಬೆಸಸಂಖ್ಯೆ ಜನರದ್ದೂ ಅಷ್ಟೇ (ಯಾರೂ ಇಲ್ಲದ ಗುಂಪನ್ನ ಸಮ ಅಂತ ಸೇರಿಸಿ). ಇದಕ್ಕೆ ಒಬ್ಬನನ್ನ ಮೊದಲೇ ಫಿಕ್ಸ್ ಮಾಡಿ, ಅಂಗಡಿ ಹುಡುಗ ಅಂತ ಇಟ್ಕೊಳ್ಳಿ. ಗುಂಪಲ್ಲಿ ಅವನಿದ್ರೆ ಹೊರಗೆ ಹಾಕಿ, ಇಲ್ದಿದ್ರೆ ಒಳಗೆ ಸೇರ್ಸಿ. ಸಮ ಬೆಸ ಆಗತ್ತೆ, ಬೆಸ ಸಮ ಆಗತ್ತೆ, ಇನ್ನೊಂದ್ ಸಲ ಮಾಡಿದ್ರೆ ಮೊದಲಿನ ಗುಂಪೇ ವಾಪಸ್. ಎರಡೂ ಕಡೆ 512. ಇಲ್ಲಿ ಎಲ್ಲರೂ ಬರೆಯೋ ತಪ್ಪು "ಯಾರಾದ್ರೂ ಒಬ್ಬನನ್ನ ತೆಗೀರಿ ಅಥವಾ ಸೇರ್ಸಿ" ಅನ್ನೋದು. ಯಾರಾದ್ರೂ ಅಂದ್ರೆ ಆಗಲ್ಲ, ಒಂದು ಗುಂಪಿಗೆ ಹತ್ತು ಜೋಡಿ ಸಿಗತ್ತೆ, ವಾಪಸ್ ಟೆಸ್ಟ್ ಫೇಲು.

ಪಾರಿವಾಳದ ಗೂಡಿನ ತತ್ವದ್ದೂ (ಗೂಡಿಗಿಂತ ಪಾರಿವಾಳ ಜಾಸ್ತಿ ಇದ್ರೆ ಯಾವುದೋ ಒಂದು ಗೂಡಲ್ಲಿ ಎರಡಾದ್ರೂ ಇರ್ಲೇಬೇಕು ಅನ್ನೋದು) ಇದೇ ಕಥೆ, ಗೂಡು ಯಾವುದು ಪಾರಿವಾಳ ಯಾವುದು ಅಂತ ಮೊದ್ಲು ಬರೀರಿ, ಮಿಕ್ಕಿದ್ದು ಸಲೀಸು. 1ರಿಂದ 100ರೊಳಗೆ ಯಾವ 51 ಸಂಖ್ಯೆ ತಗೊಂಡ್ರೂ ಅದ್ರಲ್ಲಿ ಒಂದು ಇನ್ನೊಂದನ್ನ ಶೇಷ ಇಲ್ದೇ ಭಾಗಿಸತ್ತೆ. ಪ್ರತಿ ಸಂಖ್ಯೇನೂ ಆಗೋವರೆಗೆ 2ರಿಂದ ಭಾಗಿಸ್ತಾ ಹೋಗಿ, ಕೊನೆಗೆ ಉಳಿಯೋ ಬೆಸಸಂಖ್ಯೆನೇ ಗೂಡು. ಗೂಡು 50, ಸಂಖ್ಯೆ 51. ಒಂದೇ ಗೂಡಲ್ಲಿ ಬಿದ್ದ ಎರಡರಲ್ಲಿ ಚಿಕ್ಕದು ದೊಡ್ಡದನ್ನ ಭಾಗಿಸ್ಲೇಬೇಕು.

ಅಭ್ಯಾಸಕ್ಕೆ ಲಘು ಗುರು

ಅಭ್ಯಾಸಕ್ಕೆ ನಾನು ಯಾವಾಗ್ಲೂ ಹೈಸ್ಕೂಲ್ ಕನ್ನಡ ವ್ಯಾಕರಣದ ಕಡೆನೇ ಕಳಿಸೋದು. ಲಘುಗೆ ಒಂದು ಮಾತ್ರೆ, ಗುರುಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಥರ? ∪∪∪∪, —∪∪, ∪—∪, ∪∪—, ——, ಒಟ್ಟು ಐದು. (ಷಟ್ಪದೀಲಿ ಲಘು ಆಗಿ ಗುರು ಬರೋ ಹಾಗೆ ಗಣ ಶುರು ಮಾಡಬಾರದು ಅಂತ ಕನ್ನಡ ಮೇಷ್ಟ್ರು ಬೈತಾರೆ, ನಮ್ಮ ಎಣಿಕೆಗೆ ಅದೂ ಬೇಕು.) ಮೂರು ಮಾತ್ರೆಗೆ 3, ಐದು ಮಾತ್ರೆಗೆ 8. ಹಿಂದಿನ ಎರಡನ್ನ ಕೂಡಿದ್ರೆ ಮುಂದಿನದು ಬರತ್ತೆ, ಯಾಕಂದ್ರೆ ಕೊನೇ ಅಕ್ಷರ ಲಘು ಆದ್ರೆ ಅದರ ಹಿಂದೆ ಒಂದು ಮಾತ್ರೆ ಕಮ್ಮಿ ಇರೋ ಗಣ, ಗುರು ಆದ್ರೆ ಎರಡು ಕಮ್ಮಿ ಇರೋ ಗಣ. ಕೊನೇ ಅಕ್ಷರ ಕಣ್ಣಿಗೆ ಕಾಣತ್ತೆ, ಗುರ್ತು ಇದೆ, ಟೆಸ್ಟ್ ಪಾಸು. ಹೀಗೆ ಬರೋ ಸಂಖ್ಯೆಗಳಿಗೆ ಫಿಬೊನಾಚಿ ಸಂಖ್ಯೆ ಅಂತಾರೆ, ಆದ್ರೆ ಇಟಲಿಯ ಫಿಬೊನಾಚಿ ಇದನ್ನ 1202ರಲ್ಲಿ ಬರೆಯೋದಕ್ಕೂ ಮುಂಚೆ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಹೇಳಿಬಿಟ್ಟಿದಾರೆ.

ಈಗ ಅದೇ ಐದನ್ನ ಗುರು ಎಷ್ಟಿದೆ ಅಂತ ನೋಡ್ಕೊಂಡು ಎಣಿಸಿ. ಗುರು ಇಲ್ದೇ ಇದ್ರೆ ನಾಲ್ಕು ಅಕ್ಷರ, ಒಂದು ದಾರಿ. ಒಂದು ಗುರು ಇದ್ರೆ ಮೂರು ಅಕ್ಷರ, ಅದ್ರಲ್ಲಿ ಗುರುವಿನ ಜಾಗ 3ಸಿ1. ಎರಡಿದ್ರೆ ಎರಡೇ ಅಕ್ಷರ, 2ಸಿ2. 1+3+1. ಐದು ಮಾತ್ರೆಗೆ 1+4+3, ಎಂಟು. ಪಾಸ್ಕಲ್ ತ್ರಿಕೋನದ (ಎನ್‌ಸಿಆರ್ ಬೆಲೆಗಳನ್ನ ಸಾಲುಸಾಲಾಗಿ ಜೋಡಿಸಿದ್ದು) ಓರೆ ಸಾಲು ಕೂಡಿದ್ರೆ ಫಿಬೊನಾಚಿ ಸಂಖ್ಯೆ ಯಾಕೆ ಬರತ್ತೆ ಅಂತ ಕೇಳಿದ್ರೆ ಇಷ್ಟೇ ಉತ್ತರ. ಆರು ಮಾತ್ರೆಗೆ ನೀವೇ ಮಾಡಿ, 13 ಬರ್ಬೇಕು.

ಶಾರ್ಟ್‌ಕಟ್ ಬಗ್ಗೆ

ಇಂಡಕ್ಷನ್ (ಮೊದಲನೇದಕ್ಕೆ ನಿಜ, ಒಂದಕ್ಕೆ ನಿಜ ಆದ್ರೆ ಮುಂದಿನದಕ್ಕೂ ನಿಜ ಅಂತ ತೋರಿಸೋದು) ಹಾಕಿದ್ರೂ ಇವೆಲ್ಲ ಬರತ್ತೆ, ತಪ್ಪೇನಿಲ್ಲ, ಆದ್ರೆ ಸಮೀಕರಣ ನಿಜ ಅಂತ ಗೊತ್ತಾಗತ್ತೆ, ಯಾಕೆ ನಿಜ ಅಂತ ಗೊತ್ತಾಗಲ್ಲ. ಎಣಿಸಿ ತೋರಿಸಿ ಅಂತ ಕೇಳಿದಾರೆ ಅಂದ್ರೆ ಎಣಿಸಿನೇ ತೋರಿಸ್ಬೇಕು. ಎಕ್ಸಾಂ ಹಿಂದಿನ ವಾರ ಮಾರೋ ತೆಳ್ಳನೆ ಗೈಡ್‌ಗಳಿಗೆ ದುಡ್ಡು ಹಾಕಬೇಡಿ, ಅದ್ರಲ್ಲಿ "ಎಡಭಾಗ = ಬಲಭಾಗ" ಅಂತ ಬರೆದು ಗೆರೆ ಎಳೆದಿರ್ತಾರೆ, ಮಧ್ಯದ ವಾಕ್ಯವೇ ನಾಪತ್ತೆ. ಫೋಟೋ ಹೊಡೆದ್ರೆ ಉತ್ತರ ಕೊಡೋ ಆ್ಯಪ್‌ಗಳೂ ಇವೆ. ಒಂದನೇ ಹೆಜ್ಜೆಗೆ ಅದನ್ನ ಕ್ಯಾಲ್ಕುಲೇಟರ್ ಥರ ಬಳಸಿ, ಬೇಡ ಅನ್ನಲ್ಲ. ಅದು ಕೊಟ್ಟ ಪ್ರೂಫ್‌ನ ಹಂಗೇ ಇಳಿಸೋದಾದ್ರೆ ಮಾತ್ರ ಒಂದೊಂದು ಆಯ್ಕೆಗೂ ವಾಪಸ್ ಟೆಸ್ಟ್ ಮಾಡಿ ಆಮೇಲೆ ಇಳ್ಸಿ.

ಬರೆಯೋವಾಗ ಅರ್ಧ ಪುಟ ಸಾಕು. ಏನನ್ನ ಎಣಿಸ್ತೀನಿ ಅನ್ನೋ ವಾಕ್ಯ, ಮೊದಲ ಎಣಿಕೆ, ಎರಡನೇ ಎಣಿಕೆ, ಎರಡರ ಪಕ್ಕದಲ್ಲೂ "ಒಂದೇ ಸಲ ಬರತ್ತೆ, ಯಾಕಂದ್ರೆ" ಅಂತ ಅರ್ಧ ಸಾಲು. ಅಧ್ಯಕ್ಷ ಮತ್ತು ಖಜಾಂಚಿ ಇರೋ ವರ್ಗದ ಲೆಕ್ಕವನ್ನ (1×1×10ಸಿ1ರಿಂದ 10×10×10ಸಿ10ರ ತನಕ ಕೂಡೋದು) ಈ ಥರಾನೇ ಬರೆದು ನೋಡಿ. ಎರಡೂ ಹುದ್ದೆ ಒಬ್ಬನದೇ ಆದ್ರೆ 10×2⁹, ಇಬ್ಬರದ್ದಾದ್ರೆ 10×9×2⁸, ಕೂಡಿದ್ರೆ 28160 ಬರ್ಬೇಕು. ಬರ್ಲಿಲ್ಲ ಅಂದ್ರೆ ನಾಲ್ಕನೇ ಹೆಜ್ಜೆ ಇನ್ನೊಂದ್ ಸಲ ಓದಿ.