ಬಾಟಲಿ ಮುಟ್ಟಿ ನೋಡಿದ್ಯೇನಮ್ಮ?

ಮೈಸೂರಿನ ಒಂದು ಐವಿಎಫ್ ಲ್ಯಾಬ್‌ನಲ್ಲಿ ನಾನು ಎಂಬ್ರಿಯಾಲಜಿಸ್ಟ್. ಅಂಡಾಣು, ಭ್ರೂಣಗಳನ್ನು ಫ್ರೀಜ್ ಮಾಡುವುದು ನನ್ನ ಕೆಲಸ. ಈ ಕೆಲಸ ನಿಜವಾಗಿ ಅರ್ಥವಾದದ್ದು ಒಂದು ತಪ್ಪಿನಿಂದ.

ಆಗಿನ್ನೂ ಕಲಿಯುತ್ತಿದ್ದೆ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಕೊರೆಯುವ ಚಳಿ. ಚಿಕಿತ್ಸೆಗೆ ಬಳಸಲಾಗದ, ಸರಿಯಾಗಿ ಬಲಿಯದ ಆರು ಅಂಡಾಣುಗಳನ್ನು ಒಪ್ಪಿಗೆ ಪಡೆದು ಅಭ್ಯಾಸಕ್ಕೆಂದು ಕೊಟ್ಟಿದ್ದರು. ಫ್ರಿಜ್‌ನಿಂದ ದ್ರಾವಣಗಳನ್ನು ತೆಗೆದು, ಹತ್ತೇ ನಿಮಿಷಕ್ಕೆ ಕೆಲಸ ಶುರು ಮಾಡಿದೆ. ಫ್ರೀಜ್ ಮಾಡಿ ಮತ್ತೆ ಹೊರತೆಗೆದಾಗ ಬದುಕಿದ್ದದ್ದು ಎರಡೇ. ಮಿಕ್ಕ ನಾಲ್ಕು ಕಪ್ಪಗೆ ಮುದುಡಿಕೊಂಡಿದ್ದವು. ನಮ್ಮ ಮೇಡಂ ಬೈಯಲಿಲ್ಲ. "ಬಾಟಲಿ ಮುಟ್ಟಿ ನೋಡಿದ್ಯೇನಮ್ಮ?" ಅಂತ ಕೇಳಿದರು, ಅಷ್ಟೇ. ಮುಟ್ಟಿದೆ. ಇನ್ನೂ ತಣ್ಣಗಿತ್ತು.

ಅಂಡಾಣು ದೊಡ್ಡ ಜೀವಕೋಶ, ಸುಮಾರು 0.12 ಮಿಲಿಮೀಟರ್. ಒಳಗೆ ನೀರು ಜಾಸ್ತಿ. ಆ ನೀರು ಹರಳುಗಟ್ಟಿದರೆ ಜೀವಕೋಶ ಒಡೆಯುತ್ತದೆ. ಕಡಲೆ ಮಿಠಾಯಿ ಮಾಡುವಾಗ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ನೋಡುತ್ತೇವೆ, ಅಲ್ವಾ? ಹದ ಬಂದಿದ್ದರೆ ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ನಾವು ಮಾಡುವ ವಿಟ್ರಿಫಿಕೇಶನ್, ಅಂದರೆ ಗಾಜಿನ ಹಾಗೆ ಗಟ್ಟಿಯಾಗಿಸಿ ಫ್ರೀಜ್ ಮಾಡುವುದು ಕೂಡ ಹೆಚ್ಚುಕಡಿಮೆ ಇದೇ. ಜೀವಕೋಶದ ಒಳಗೆ ಪಾಕದ ಹದ ತರಬೇಕು, ಆಮೇಲೆ ಒಂದೇ ಏಟಿಗೆ ತಣ್ಣಗಾಗಿಸಬೇಕು.

ಆ ಹದ ತರುವುದು ಕ್ರಯೋಪ್ರೊಟೆಕ್ಟೆಂಟ್‌ಗಳು, ಅಂದರೆ ಫ್ರೀಜ್ ಮಾಡುವಾಗ ಜೀವಕೋಶವನ್ನು ಕಾಪಾಡುವ ರಾಸಾಯನಿಕಗಳು. ನಾನು ಬಳಸುವ ಮೊದಲ ದ್ರಾವಣದಲ್ಲಿ ಎಥಿಲೀನ್ ಗ್ಲೈಕಾಲ್ ಶೇ. 7.5, ಡಿಎಂಎಸ್ಒ ಶೇ. 7.5. ಅದಕ್ಕೆ ಹಾಕಿದ ಕೂಡಲೇ ನೀರು ಹೊರಬಂದು ಅಂಡಾಣು ಕುಗ್ಗುತ್ತದೆ. ಆಮೇಲೆ ಕ್ರಯೋಪ್ರೊಟೆಕ್ಟೆಂಟ್ ಒಳಗೆ ಹೋದಂತೆ ನಿಧಾನಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. 10ರಿಂದ 15 ನಿಮಿಷ ಬೇಕು. ಗಡಿಯಾರಕ್ಕಿಂತ ಅದರ ಆಕಾರವನ್ನೇ ನಾನು ಜಾಸ್ತಿ ನಂಬುತ್ತೇನೆ. ಎರಡನೆಯದರಲ್ಲಿ ಎರಡೂ ತಲಾ ಶೇ. 15, ಜೊತೆಗೆ ಸಕ್ಕರೆ. ಸಕ್ಕರೆ ಒಳಗೆ ಹೋಗುವುದಿಲ್ಲ, ಹೊರಗೇ ನಿಂತು ಉಳಿದ ನೀರನ್ನು ಎಳೆಯುತ್ತದೆ. ಇಲ್ಲಿ ಸಿಗುವುದು ಸುಮಾರು ಒಂದು ನಿಮಿಷ. ಅಷ್ಟರಲ್ಲಿ ಅಂಡಾಣುವನ್ನು ತೆಳುವಾದ ಪಟ್ಟಿಯ ಮೇಲಿಟ್ಟು, ಸುತ್ತಲಿನ ದ್ರಾವಣವನ್ನು ಆದಷ್ಟೂ ಹೀರಿ ತೆಗೆದು, −196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ಗೆ ಅದ್ದಬೇಕು.

ನಾನು ಎಡವಿದ್ದು ನೈಟ್ರೋಜನ್ ಹತ್ತಿರ ಅಲ್ಲ, ಅದಕ್ಕೂ ಮೊದಲು. ದ್ರಾವಣ ತಣ್ಣಗಿದ್ದರೆ ಕ್ರಯೋಪ್ರೊಟೆಕ್ಟೆಂಟ್ ಒಳಗೆ ಹೋಗುವುದು ನಿಧಾನ. ಹದ ಬರುವ ಮುಂಚೆಯೇ ಅದ್ದಿಬಿಟ್ಟಿದ್ದೆ, ಒಳಗೆ ಐಸ್ ಕಟ್ಟಿತು. ಬೆಚ್ಚಗಿದ್ದರೆ ಬೇಗ ಹೋಗುತ್ತದೆ ನಿಜ, ಆದರೆ ಅದರ ವಿಷವೂ ಅಷ್ಟೇ ಬೇಗ ತಟ್ಟುತ್ತದೆ. 25ರಿಂದ 27 ಡಿಗ್ರಿ ಸರಿಯಾದ ಹದ. ಎಸಿ ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಕೋಣೆ ಬೆಚ್ಚಗಾದರೂ ಬಾಟಲಿಯೊಳಗಿನ ದ್ರಾವಣ ಬೆಚ್ಚಗಾಗಲು ಅದರದ್ದೇ ಸಮಯ ಹಿಡಿಯುತ್ತದೆ. ಮೈಕ್ರೋಸ್ಕೋಪ್‌ನ ಹೀಟರ್ ಕೂಡ ಆರಿಸಿರಬೇಕು. ಅದು 37 ಡಿಗ್ರಿಯಲ್ಲಿದ್ದರೆ ಮಾಡಿದ್ದೆಲ್ಲ ಹಾಳು.

ಹೊರತೆಗೆಯುವಾಗ ಲೆಕ್ಕ ಉಲ್ಟಾ. ಆಗ ದ್ರಾವಣ 37 ಡಿಗ್ರಿಯಲ್ಲೇ ಇರಬೇಕು, ಪಟ್ಟಿ ನೈಟ್ರೋಜನ್‌ನಿಂದ ನೇರ ಅದರೊಳಗೆ ಹೋಗಬೇಕು. ನಡುವೆ ಒಂದು ಕ್ಷಣ ಗಾಳಿಯಲ್ಲಿ ತಡೆದರೂ ಗಾಜಿನಂತಿದ್ದದ್ದು ಹರಳಾಗಬಹುದು. ತಣ್ಣಗಾಗಿಸುವ ವೇಗಕ್ಕಿಂತ ಬೆಚ್ಚಗಾಗಿಸುವ ವೇಗವೇ ಮುಖ್ಯ ಅಂತ ಸೆಕಿ ಮತ್ತು ಮಜೂರ್ ಎಂಬ ವಿಜ್ಞಾನಿಗಳು 2009ರಲ್ಲಿ ಇಲಿಯ ಅಂಡಾಣುಗಳಲ್ಲಿ ತೋರಿಸಿದರು.

ಭ್ರೂಣಗಳು ಸ್ವಲ್ಪ ಗಟ್ಟಿ. ನಾಲ್ಕಾರು ಕೋಶ ಹೋದರೂ ಐದನೇ ದಿನದ ಭ್ರೂಣ ಚೇತರಿಸಿಕೊಳ್ಳಬಹುದು. ಆದರೆ ಅದರ ನಡುವೆ ನೀರು ತುಂಬಿದ ಪೊಳ್ಳು ಇರುತ್ತದೆ, ಆ ನೀರು ಹರಳುಗಟ್ಟದಿರಲಿ ಅಂತ ಮೊದಲು ಲೇಸರ್‌ನಿಂದ ಅದನ್ನು ಹೊರಬಿಡುತ್ತೇನೆ. ಡಿಎಂಎಸ್ಒ ಹಿಡಿದಾಗೆಲ್ಲ ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯ ನೆನಪಾಗುತ್ತಾರೆ. ಇದೇ ಡಿಎಂಎಸ್ಒ ಬಳಸಿ ಅವರು ಫ್ರೀಜ್ ಮಾಡಿದ ಭ್ರೂಣದಿಂದ 1978ರಲ್ಲಿ ಹೆಣ್ಣು ಮಗು ಹುಟ್ಟಿತು. ಬದುಕಿದ್ದಾಗ ಅವರನ್ನು ನಂಬಲಿಲ್ಲ ಅನ್ನುವುದು ಇವತ್ತಿಗೂ ನನಗೆ ನೋವು.

ಕಿಮೋ ಶುರುವಾಗುವ ಮುಂಚೆ ಅಂಡಾಣು ಇಡಲು ಬರುವ ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಇನ್ನೊಂದು ಅವಕಾಶ ಸಿಗುವುದಿಲ್ಲ. ಅಂಥ ದಿನ ಲ್ಯಾಬ್‌ಗೆ ಎಲ್ಲರಿಗಿಂತ ಮುಂಚೆ ಬರುತ್ತೇನೆ. ಬಾಟಲಿಗಳನ್ನು ಹೊರಗಿಟ್ಟು, ಥರ್ಮಾಮೀಟರ್ ನೋಡಿ, ಆಮೇಲೆ ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡುತ್ತೇನೆ.